ಸಿಸ್ಟರಕ್ಕನ ಅಂಚೆಪೆಟ್ಟಿಗೆ: ಹಾಲೆ ಕೆತ್ತೆ, ಸೋರೆಕಾಯಿ ರಸ, ದೊಡ್ಡ ಕಿವಿ

ಡೊಂಬಿವಲಿಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಬಟ್ಟೆ ಒಣಗುವುದಿಲ್ಲ, ಮಂಡಿ ಸುಮ್ಮನಿರುವುದಿಲ್ಲ. ಬಂದ ಪತ್ರಗಳೂ ಹಾಗೇ ಇವೆ: ಅರ್ಧ ಕಷಾಯದ್ದು, ಅರ್ಧ ವಯಸ್ಸಿನದ್ದು. ಹೊಸ ಓದುಗರಿಗೆ ಒಂದು ಮಾತು. ನಾನು ಡಾಕ್ಟರಲ್ಲ. ಮುಂಬಯಿಯ ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ 33 ವರ್ಷ ನರ್ಸ್ ಆಗಿದ್ದೆ, ಈಗ 72. ಊರು ಬ್ರಹ್ಮಾವರದ ಹತ್ತಿರ. ಅಮ್ಮನ ಕಷಾಯ, ಆಸ್ಪತ್ರೆಯ ಮಾತ್ರೆ ಎರಡನ್ನೂ ನುಂಗಿ ಬೆಳೆದವಳು.

*ಸಿಸ್ಟರಕ್ಕ, ಪ್ರತಿವರ್ಷ ಆಟಿ (ಆಷಾಢದ) ಅಮಾವಾಸ್ಯೆಗೆ ಊರಿನಿಂದ ಹಾಲೆ ಮರದ ಕೆತ್ತೆ (ತೊಗಟೆ) ತರುತ್ತಿದ್ದ ಭಾವ ಈ ಸಲ ಬರುವುದಿಲ್ಲ. ನಮ್ಮ ಸೊಸೈಟಿಯ ಗೇಟಿನಲ್ಲೇ ದೊಡ್ಡ ಸಪ್ತಪರ್ಣಿ ಮರವಿದೆ, ಹಾಲೆ ಅಂದರೆ ಅದೇ ಅಂತಾರೆ. ಅದರ ಕೆತ್ತೆ ತೆಗೆದು ಕಷಾಯ ಮಾಡಬಹುದಾ? ಮಗ ನಗುತ್ತಾನೆ.*
— ಮುಲುಂಡಿನ ಓದುಗರು, 67

ಅಣ್ಣ, ಮರ ಅದೇ. ದೀಪಾವಳಿಯ ಆಸುಪಾಸಿನಲ್ಲಿ ಸಂಜೆಯಾದರೆ ಇಡೀ ರಸ್ತೆಗೆ ಮಂಡೆ ತಿರುಗುವಷ್ಟು ಪರಿಮಳ ಬಿಡುತ್ತದಲ್ಲ, ಅದೇ ನಮ್ಮ ಹಾಲೆ. ಹಿಂದೆ ಇದರ ಹಲಗೆಯಲ್ಲಿ ಮಕ್ಕಳು ಬರೆಯುವ ಪಾಟಿ ಮಾಡುತ್ತಿದ್ದರು. ಅದಕ್ಕೇ ಸಸ್ಯಶಾಸ್ತ್ರದವರು ಆಲ್‌ಸ್ಟೋನಿಯಾ ಸ್ಕಾಲರಿಸ್ ಎಂದು ವಿದ್ಯಾವಂತ ಹೆಸರಿಟ್ಟರು.

ನಮ್ಮಪ್ಪ ನಸುಕಿಗೇ ಎದ್ದು, ಕತ್ತಿ ತಾಗಿಸದೆ, ಕಲ್ಲಿನಲ್ಲಿ ಜಜ್ಜಿ ಕೆತ್ತೆ ಎಬ್ಬಿಸಿ ತರುತ್ತಿದ್ದರು. ಅಮ್ಮ ಅದಕ್ಕೆ ಓಮ, ಬೆಳ್ಳುಳ್ಳಿ, ಕಾಳುಮೆಣಸು, ಅರಸಿನ ಸೇರಿಸಿ ಅರೆದು, ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಚುಂಯ್ ಎನ್ನಿಸಿ ಅದರೊಳಗೆ ಬಿಡುತ್ತಿದ್ದಳು. ನಾವು ಐದು ಮಕ್ಕಳು ಮೂಗು ಹಿಡಿದುಕೊಂಡು ಸಾಲಾಗಿ ನಿಲ್ಲಬೇಕು. ಹಿಂದೆಯೇ ಮೆಂತೆ ಗಂಜಿ ಬರುತ್ತದೆ ಎಂಬ ಒಂದೇ ಧೈರ್ಯದಲ್ಲಿ ಕಷಾಯ ಗಂಟಲಿಳಿಯುತ್ತಿತ್ತು. ಕುಡಿದವರಿಗೆ ವರ್ಷವಿಡೀ ಕಾಯಿಲೆ ಬರುವುದಿಲ್ಲ ಎನ್ನುತ್ತಿದ್ದರು. ನಮಗೆ ಐವರಿಗೂ ಆ ವರ್ಷವೇ ಜ್ವರ ಬಂದದ್ದುಂಟು, ಆದರೂ ಮುಂದಿನ ವರ್ಷ ಕುಡಿದಿದ್ದೇವೆ.

ಹಾಗಂತ ಗೇಟಿನ ಮರಕ್ಕೆ ಕೈ ಹಾಕಬೇಡಿ. ಅದರ ಬುಡಕ್ಕೆ ಸುಣ್ಣ, ಕೆಮ್ಮಣ್ಣು ಬಳಿದಿರುತ್ತಾರೆ. ಟ್ಯೂಷನ್ ಕ್ಲಾಸಿನ ಬೋರ್ಡಿನ ಮೊಳೆ ಮೇಲೆ, ಗಲ್ಲಿಯ ನಾಯಿಗಳ ಹಾಜರಿ ಕೆಳಗೆ. ಮೇಲಿಂದ ಮಹಾರಾಷ್ಟ್ರದ ಊರುಗಳಲ್ಲಿ ಮರಗಳಿಗೆ 1975ರ ಕಾನೂನಿನ ಕಾವಲು ಬೇರೆ ಇದೆ. ಬೆಳಗಿನ ನಾಲ್ಕು ಗಂಟೆಗೆ ಕೈಯಲ್ಲಿ ಕಲ್ಲು ಹಿಡಿದು ಗೇಟಿನ ಹತ್ತಿರ ನಿಂತ 67ರ ಮನುಷ್ಯನನ್ನು ವಾಚ್‌ಮನ್ ಎಂತ ಅಂತ ತಿಳಿಯಬೇಕು?

ಊರಿನಿಂದಲೇ ತರಿಸುವುದಾದರೂ ಮರ ಗೊತ್ತಿದ್ದವರ ಕೈಯಿಂದ ತರಿಸಿ. ಕತ್ತಲಲ್ಲಿ ಹಾಲೆಯೆಂದು ಕಾಸರಕನ ಕೆತ್ತೆ ತಂದರೆ ಕತೆ ಮುಗಿಯಿತು, ಅದರಲ್ಲಿ ಸ್ಟ್ರಿಕ್ನಿನ್ ವಿಷ ಇದೆ. ಹಾಲೆಯ ಎಲೆ ಒಂದೇ ಗಂಟಿನ ಸುತ್ತ ಏಳರ ಹಾಗೆ ಚಕ್ರವಾಗಿ ಕೂತಿರುತ್ತದೆ, ಗೀರಿದರೆ ಬಿಳಿ ಹಾಲು ಬರುತ್ತದೆ. ಕಾಸರಕನಿಗೆ ಎಲೆ ಎದುರುಬದುರು ಜೋಡಿಯಾಗಿರುತ್ತದೆ, ಹಾಲಿಲ್ಲ. ಹಿಂದಿನ ದಿನ ಬೆಳಕಿರುವಾಗಲೇ ಮರ ನೋಡಿ, ಗುರುತು ಮಾಡಿ ಬರುವುದು ನಮ್ಮಪ್ಪನ ಕ್ರಮ. ನಿಮ್ಮ ವಯಸ್ಸಿಗೆ ಎರಡು ಗುಟುಕು ಸಾಕು. ಲಿವರ್, ಕಿಡ್ನಿಯ ತೊಂದರೆ ಇದ್ದವರಿಗೂ ಬಸುರಿಯರಿಗೂ ಅದೂ ಬೇಡ, ಮೆಂತೆ ಗಂಜಿ ಮಾತ್ರ ಬಡಿಸಿ.

ಮಗನ ನಗುವಿಗೆ ಬೇಜಾರಾಗಬೇಡಿ. ಅದೇ ಅಮಾವಾಸ್ಯೆಯನ್ನು ನಮ್ಮ ಪಕ್ಕದ ಮನೆಯವರು ಗಟಾರಿ ಅಂತಾರೆ. ಶ್ರಾವಣ ಹಿಡಿಯುವ ಮೊದಲು ಕೋಳಿ, ಬಾಟ್ಲಿ ಎಲ್ಲ ಮುಗಿಸಿಬಿಡುವ ದಿನ. ಒಂದೇ ದಿನ ಒಂದೇ ಮಾಳಿಗೆಯಲ್ಲಿ ಅವರೂ ಕುಡಿಯುತ್ತಾರೆ, ನಾವೂ ಕುಡಿಯುತ್ತೇವೆ. ಮುಖ ಕಿವುಚುವವರು ನಾವು ಮಾತ್ರ.

*ತಾಮ್ರದ ಕಡಗ ಹಾಕಿದರೆ ಗಂಟುನೋವು ಕಡಿಮೆಯಾಗುತ್ತದೆಯೇ?*
— ಠಾಣೆಯ ಓದುಗಿ

ಇಲ್ಲ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ಸಂಧಿವಾತದವರ ಕೈಗೇ ತಾಮ್ರದ ಕಡಗ ಹಾಕಿಸಿ ಪರೀಕ್ಷಿಸಿದ್ದರು, 2013ರಲ್ಲಿ ವರದಿ ಬಂತು: ನೋವಿಗೂ ಇಲ್ಲ, ಬಾವಿಗೂ ಇಲ್ಲ. ಚೆಂದಕ್ಕೆ ಹಾಕಿಕೊಳ್ಳಿ. ಮಣಿಕಟ್ಟು ಹಸುರಾದರೆ ಹುಣಿಸೆಹಣ್ಣಿನಲ್ಲಿ ಕಡಗ ತಿಕ್ಕಿ.

*ಅಕ್ಕ, ವಾಕಿಂಗಿಗೆ ಹೋಗುವ ಗಾರ್ಡನ್ ಗೇಟಿನಲ್ಲಿ ಸೋರೆಕಾಯಿ, ಹಾಗಲಕಾಯಿ, ನೆಲ್ಲಿಕಾಯಿ ಎಲ್ಲ ಸೇರಿಸಿದ ರಸ ಮಾರುತ್ತಾರೆ. ನಮ್ಮವರು ಶುಗರಿಗೆ ಒಳ್ಳೆಯದೆಂದು ದಿನಾ ಕುಡಿಯುತ್ತಾರೆ. ನಾನೂ ಶುರು ಮಾಡಲಾ?*
— ಬೊರಿವಲಿಯ ಓದುಗಿ, 60

ತಂಗಿ, ಇದನ್ನು ಬರೆಯಲು ನನಗೆ ನಾಚಿಕೆ, ಆದರೂ ಬರೆಯುತ್ತೇನೆ. ನಿವೃತ್ತಿಯಾದ ಮೂರನೇ ವರ್ಷ ನಾನೂ ಅಂಥದ್ದೇ ಒಂದು ಗೇಟಿನಲ್ಲಿ ನಿಂತು ಸೋರೆಕಾಯಿ ರಸ ಕುಡಿದೆ. ಮೊದಲ ಗುಟುಕೇ ವಿಷದಂಥ ಕಹಿ. ಮಾರುವವ "ಕಡವಾ ಹೈ ತಭೀ ತೋ ದವಾಯಿ ಹೈ" ಅಂದ. ಕಹಿಯಾದದ್ದೆಲ್ಲ ಮದ್ದು ಎಂದು ಹಾಲೆ ಕಷಾಯ ಕುಡಿದು ಕಲಿತ ನಾಲಿಗೆ ನನ್ನದು, ನಂಬಿತು. ಮನೆ ಮುಟ್ಟುವ ಮೊದಲೇ ಹೊಟ್ಟೆ ಹಿಂಡಿತು. ಮತ್ತೆ ವಾಂತಿ, ಭೇದಿ. ಬಿಪಿ ಇಳಿದು ಕಣ್ಣು ಕತ್ತಲೆ. ರಿಕ್ಷಾದಲ್ಲಿ ಹಾಕಿಕೊಂಡು ಹೋದರು. ಆಸ್ಪತ್ರೆಯಲ್ಲಿ ಹುಡುಗು ಡಾಕ್ಟರ್ ಕೇಳಿದ, "ಬೆಳಿಗ್ಗೆ ಏನು ತಗೊಂಡ್ರಿ?" ನಾನು ಹೇಳಿದ್ದು, "ಎರಡು ಇಡ್ಲಿ."

33 ವರ್ಷ ಪ್ರತಿ ರೋಗಿಗೂ ಅದೇ ಪ್ರಶ್ನೆ ಕೇಳಿದವಳು ನಾನು. ಸುಳ್ಳು ಹೇಳಿದವರನ್ನು ಗದರಿದವಳು. ಗಂಡ ಪಕ್ಕದಲ್ಲಿದ್ದರು, ನರ್ಸ್ ಆಗಿದ್ದವಳು ಬೀದಿಯ ರಸ ಕುಡಿದಳು ಅಂತ ನಗುತ್ತಾರೆ ಎಂಬ ಮರ್ಯಾದೆ ಪ್ರಶ್ನೆ. ಎರಡನೇ ಬಾಟಲಿ ಸಲೈನ್ ಅರ್ಧವಾದ ಮೇಲೆ ಸತ್ಯ ಹೇಳಿದೆ.

ಸೋರೆ, ಸೌತೆ, ಕುಂಬಳದ ಜಾತಿಯಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಇರುತ್ತದೆ. ಮಾಮೂಲಿ ಸೋರೆಕಾಯಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಒಮ್ಮೊಮ್ಮೆ ಒಂದು ಕಾಯಿಯಲ್ಲಿ ಮಾತ್ರ ಏರಿರುತ್ತದೆ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಇಂಥ ರಸ ಕುಡಿದವರು ಸತ್ತದ್ದೂ ಇದೆ. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಮಾಡಿತು. ಅವರು ಹೇಳಿದ್ದು ಬಹಳ ಸರಳ: ಮೊದಲು ಸಣ್ಣ ಚೂರು ನಾಲಿಗೆಗೆ ಇಡಿ, ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ, ಸೋರೆ ರಸಕ್ಕೆ ಬೇರೆ ರಸ ಬೆರೆಸಬೇಡಿ. ನಿಮ್ಮವರ ಲೋಟದಲ್ಲಿ ಹಾಗಲಕಾಯಿಯೂ ಇದೆಯಲ್ಲ? ಹಾಗಲದ ಕಹಿಯೊಳಗೆ ಸೋರೆಯ ಕಹಿ ಅಡಗಿದರೆ ಯಾವ ನಾಲಿಗೆಗೂ ಗೊತ್ತಾಗುವುದಿಲ್ಲ. ಶುಗರಿನ ಮಾತ್ರೆ ನುಂಗಿ ಮೇಲಿಂದ ದಿನಾ ಹಾಗಲ ರಸ ಕುಡಿದರೆ ಶುಗರ್ ತೀರಾ ಕೆಳಗಿಳಿಯುವುದೂ ಉಂಟು. ಸೋರೆಕಾಯಿಯನ್ನು ಪಲ್ಯ ಮಾಡಿ. ಹಾಗಲಕಾಯಿಯನ್ನು ಗೊಜ್ಜು ಮಾಡಿ. ಬೆಲ್ಲ ಹಾಕಬೇಡಿ ಅಂತ ನಾನು ಹೇಳುವುದಿಲ್ಲ, ಸ್ವಲ್ಪ ಹಾಕಿ.

*ಕೊರೊನಾ ಕಾಲದಿಂದ ಇವತ್ತಿನವರೆಗೂ ದಿನಾ ಬೆಳಿಗ್ಗೆ ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದೇನೆ. ನಿಲ್ಲಿಸಲು ಹೆದರಿಕೆ.*
— ಪುಣೆಯ ಓದುಗರು, 70

ಮುಂದುವರಿಸಲು ಹೆದರಿ. 2020ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯಲ್ಲೇ ಆರು ಜನ ಲಿವರ್ ಕೆಟ್ಟು ಕಾಮಾಲೆಯಾಗಿ ಬಂದದ್ದನ್ನು ಇಲ್ಲಿನ ವೈದ್ಯರು ಮುಂದಿನ ವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆರೂ ಜನ ಅಮೃತಬಳ್ಳಿ ತೆಗೆದುಕೊಂಡವರು. ಆಯುಷ್ ಮಂತ್ರಾಲಯ ಒಪ್ಪಲಿಲ್ಲ, ಅದರ ಹಾಗೇ ಕಾಣುವ ಬೇರೆ ಬಳ್ಳಿ ಇರಬಹುದು ಎಂದಿತು. ಇರಲಿ. ಹಾಗಾದರೆ ನಿಮ್ಮ ಬಾಲ್ಕನಿಯ ಕುಂಡದಲ್ಲಿರುವುದು ಯಾವ ಬಳ್ಳಿ ಅಂತ ನಿಮಗೆ ಗೊತ್ತೇ? ವರ್ಷಗಟ್ಟಲೆ ದಿನಾ ಕುಡಿಯುವಂಥದ್ದು ಯಾವುದೂ ಬೇಡ. ಕಣ್ಣು ಹಳದಿಯಾಗಿದೆಯಾ, ಮೂತ್ರ ಕಡು ಬಣ್ಣದ್ದಾ ನೋಡಿಕೊಳ್ಳಿ, ಒಮ್ಮೆ ಲಿವರ್ ಟೆಸ್ಟ್ ಮಾಡಿಸಿ. ಡಾಕ್ಟರು "ಏನಾದ್ರೂ ತಗೋತೀರಾ" ಎಂದಾಗ ಕಷಾಯದ ಹೆಸರೂ ಹೇಳಿ. ಇಡ್ಲಿ ಅನ್ನಬೇಡಿ.

*ಬರಬರುತ್ತಾ ನಮ್ಮವರ ಕಿವಿ ದೊಡ್ಡದಾಗುತ್ತಿದೆಯೋ ಮುಖ ಸಣ್ಣದಾಗುತ್ತಿದೆಯೋ ತಿಳಿಯುತ್ತಿಲ್ಲ. ಇಷ್ಟು ದೊಡ್ಡ ಕಿವಿಯಿದ್ದೂ ನಾನು ಹೇಳಿದ್ದು ಕೇಳಿಸುವುದಿಲ್ಲ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಲಾ?*
— ಮಾಟುಂಗದ ಓದುಗಿ, 68

ನಿಮ್ಮ ಕಣ್ಣು ಸರಿಯಾಗಿದೆ. ಇಂಗ್ಲೆಂಡಿನ ಕೆಲವು ವೈದ್ಯರು ತಮ್ಮಲ್ಲಿಗೆ ಬಂದ 206 ಜನರ ಕಿವಿಯನ್ನು ಅಡಿಪಟ್ಟಿ ಇಟ್ಟು ಅಳೆದು 1995ರಲ್ಲಿ ವರದಿ ಬರೆದರು. ಲೆಕ್ಕ ಹಾಕಿದರೆ ವರ್ಷಕ್ಕೆ ಸರಾಸರಿ 0.22 ಮಿಲಿಮೀಟರ್ ಉದ್ದವಾಗುತ್ತದೆಯಂತೆ. ಐವತ್ತು ವರ್ಷಕ್ಕೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು.

ಕೇಳಿಸದಿರುವುದೂ ಪೂರ್ತಿ ನಾಟಕವಲ್ಲ. ವಯಸ್ಸಾದಂತೆ ಮೊದಲು ಹೋಗುವುದು ತೆಳ್ಳಗಿನ, ಎತ್ತರದ ಸ್ವರ. ಸ, ಶ, ತ, ಕ ಇವೆಲ್ಲ ಅಲ್ಲೇ ಇರುವವು. ಅ, ಉ, ಓ ಗಟ್ಟಿಯಾಗಿ ಕೇಳುತ್ತವೆ. ಕಳೆದ ತಿಂಗಳು ನಮ್ಮವರು ಸ್ಟೇಷನ್ ಕಡೆ ಹೊರಟಾಗ ಅಡುಗೆಮನೆಯಿಂದಲೇ "ಸೊಪ್ಪು ತನ್ನಿ" ಅಂದೆ. ಎರಡು ಪ್ಯಾಕೆಟ್ ಉಪ್ಪು ತಂದರು. ಅವರಿಗೆ ಕೇಳಿದ್ದೇ ಅಷ್ಟು, ಪಾಪ. ನಾನು ಬೈದದ್ದು ಮಾತ್ರ ಪೂರ್ತಿ ಕೇಳಿಸಿತು, ದೊಡ್ಡ ದನಿಯಲ್ಲಿ ಇತ್ತಲ್ಲ.

ಎಣ್ಣೆ ಬಿಡಬೇಡಿ. ಕಿವಿಯ ತಮಟೆಯಲ್ಲಿ ತೂತಿದ್ದರೆ ಒಳಗೆ ಹೋಗಿ ಸೋಂಕಾಗುತ್ತದೆ. ಬಿಸಿ ಹೆಚ್ಚಾದರೆ ಸುಡುತ್ತದೆ. ಕಿವಿಯ ಡಾಕ್ಟರು ಮೊದಲು ಒಳಗೆ ಗುಗ್ಗೆ ಕಟ್ಟಿದೆಯೇ ನೋಡಲಿ, ಎಷ್ಟೋ ಜನರ ಕಿವುಡು ಅಲ್ಲಿಗೇ ಮುಗಿಯುತ್ತದೆ. ಇಲ್ಲದಿದ್ದರೆ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆಂಬ ಪರೀಕ್ಷೆ, ಮಾಡಿಸಿ. ಅಲ್ಲಿಯವರೆಗೆ ಅವರ ಎದುರು ಬಂದು, ಮುಖ ಕಾಣುವ ಹಾಗೆ ಮಾತಾಡಿ. ಮಿಕ್ಸಿ ತಿರುಗುವಾಗ ಯಾವ ಗಂಡನಿಗೂ ಏನೂ ಹೇಳಬೇಡಿ.

*ನನ್ನ ಯಜಮಾನರು ಬೆಳಿಗ್ಗೆ ಆರಕ್ಕೆ ಪಾರ್ಕಿಗೆ ಹೋಗಿ ಹತ್ತು ಜನರ ಜೊತೆ ಹೋ ಹೋ ಹಾ ಹಾ ಅಂತ ನಗುತ್ತಾರೆ. ಮನೆಗೆ ಬಂದರೆ ಅದೇ ಗಂಟುಮುಖ. ನನ್ನನ್ನೂ ಕರೆಯುತ್ತಾರೆ. ಹೋಗಲು ಒಂದು ಅಡ್ಡಿಯಿದೆ ಅಕ್ಕ, ಜೋರಾಗಿ ನಕ್ಕರೆ ಎರಡು ಹನಿ ಹೋಗುತ್ತದೆ. ಹೆಸರು ಹಾಕಬೇಡಿ.*
— ಅಂಧೇರಿಯ ಓದುಗಿ, 63

ನಿಮ್ಮ ಊರಲ್ಲೇ ಹುಟ್ಟಿದ ನಗು ಅದು. 1995ರ ಮಾರ್ಚ್‌ನಲ್ಲಿ ಅಂಧೇರಿಯ ಲೋಖಂಡವಾಲಾದ ಒಂದು ಪಾರ್ಕಿನಲ್ಲಿ ಡಾ. ಮದನ್ ಕಟಾರಿಯಾ ಐದೇ ಜನರನ್ನು ಇಟ್ಟುಕೊಂಡು ಶುರು ಮಾಡಿದ್ದು. ಮೊದಲು ಜೋಕು ಹೇಳಿ ನಗುತ್ತಿದ್ದರು. ಸ್ವಲ್ಪ ದಿನದಲ್ಲೇ ಒಳ್ಳೆಯ ಜೋಕು ಮುಗಿದು ಕೆಟ್ಟವು ಬರತೊಡಗಿದವು. ಕೊನೆಗೆ ಜೋಕೇ ಬೇಡ, ಸುಮ್ಮನೆ ನಗೋಣ ಎಂದರು. ಅದೀಗ ದೇಶ ದಾಟಿ ಹೋಗಿದೆ. ನಗುವಿನಿಂದ ಎಲ್ಲ ರೋಗ ಹೋಗುತ್ತದೆ ಎಂದು ನಾನು ನಂಬುವವಳಲ್ಲ. ಮಾತಾಡಲು ಹತ್ತು ಜನ ಸಿಗುತ್ತಾರೆ, ಆಮೇಲೆ ಕಟ್ಟೆಯಲ್ಲಿ ಕೂತು ಚಹಾ ಕುಡಿಯುತ್ತಾರೆ, ಅದು ಸಣ್ಣದಲ್ಲ. ಅವರ ಗಂಟುಮುಖಕ್ಕೆ ನನ್ನಲ್ಲಿ ಮದ್ದಿಲ್ಲ.

ನಿಮ್ಮ ಎರಡು ಹನಿಗೆ ಇದೆ. ಇದನ್ನು ಎಷ್ಟು ಹೆಂಗಸರು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುತ್ತಾರೆ ಅಂದರೆ, ವಾರ್ಡಿನಲ್ಲಿ ಬೇರೆ ಕಾಯಿಲೆಗೆ ಬಂದವರು ರಾತ್ರಿ ಹನ್ನೊಂದಕ್ಕೆ ಮೆಲ್ಲಗೆ ಕರೆದು ಕಿವಿಯಲ್ಲಿ ಹೇಳುತ್ತಿದ್ದರು. ಹೆರಿಗೆಯಲ್ಲಿ ಜಗ್ಗಿದ, ಮುಟ್ಟು ನಿಂತ ಮೇಲೆ ಸಡಿಲಾದ ಸ್ನಾಯುಗಳು ಇವು. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಬರೆದ ವ್ಯಾಯಾಮ ಇವತ್ತಿಗೂ ಮೊದಲ ಮದ್ದು. ಗಾಳಿ ತಡೆಯುವಾಗ ಹಿಡಿಯುತ್ತೀರಲ್ಲ, ಆ ಸ್ನಾಯುವನ್ನು ಒಳಕ್ಕೆ ಮೇಲಕ್ಕೆ ಎಳೆದು ಐದು ಎಣಿಸಿ, ಬಿಟ್ಟು ಐದು ಎಣಿಸಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ ಬಿಗಿಯಬೇಡಿ, ಉಸಿರು ಕಟ್ಟಬೇಡಿ. ಮೂತ್ರ ಮಾಡುತ್ತಾ ತಡೆದು ಅಭ್ಯಾಸ ಮಾಡಬೇಡಿ. ಮೂರು ತಿಂಗಳು ಬಿಡದೆ ಮಾಡಬೇಕು, ಮೂರು ದಿನಕ್ಕೆ ಏನೂ ಕಾಣಿಸುವುದಿಲ್ಲ. ನಾನು ಲೋಕಲ್‌ನಲ್ಲಿ ಕೂತೇ ಮಾಡುತ್ತಿದ್ದೆ, ಡೊಂಬಿವಲಿಯಿಂದ ಠಾಣೆಯೊಳಗೆ ಹತ್ತು ಮುಗಿಯುತ್ತಿತ್ತು, ಎದುರು ಕೂತವಳಿಗೂ ಗೊತ್ತಾಗುತ್ತಿರಲಿಲ್ಲ. ಮೂರು ತಿಂಗಳಾದರೂ ನಿಲ್ಲದಿದ್ದರೆ, ಉರಿ ಅಥವಾ ರಕ್ತ ಕಂಡರೆ ಲೇಡಿ ಡಾಕ್ಟರಿಗೆ ತೋರಿಸಿ. ಬಾಟಲಿಯಲ್ಲಿ ತುಂಬಿಸಿ ಮಾರಲು ಬರುವುದಿಲ್ಲವಲ್ಲ, ಅದಕ್ಕೇ ಗಾರ್ಡನ್ ಗೇಟಿನಲ್ಲಿ ಇದನ್ನು ಯಾರೂ ಕೂಗುವುದಿಲ್ಲ.

*ಉಗುರಿಗೆ ಉಗುರು ಉಜ್ಜಿದರೆ ಬಿಳಿಕೂದಲು ಕಪ್ಪಾಗುತ್ತದಂತೆ, ನಿಜವೇ?*
— ನವಿ ಮುಂಬಯಿಯ ಓದುಗರು, 58

ಒಂದು ಕಾಲದಲ್ಲಿ ಲೋಕಲ್ ಡಬ್ಬಿಯಲ್ಲಿ ಎಲ್ಲರೂ ಉಜ್ಜುತ್ತಿದ್ದರು, ಮಳೆಗಾಲದ ಜೀರುಂಡೆಗಳ ಹಾಗೆ ಶಬ್ದ. ಯಾರ ತಲೆಯೂ ಕಪ್ಪಾದದ್ದು ನೋಡಲಿಲ್ಲ. ಬುಡದಲ್ಲಿ ಬಣ್ಣ ಹಾಕುವ ಜೀವಕೋಶ ಕೆಲಸ ಬಿಟ್ಟ ಮೇಲೆ ಉಗುರಿನಿಂದ ಅದಕ್ಕೆ ನೋಟಿಸ್ ಹೋಗುವುದಿಲ್ಲ.

*ಮೊನ್ನೆ ಲೋಕಲ್‌ನಲ್ಲಿ ಕಾಲೇಜು ಹುಡುಗಿ ಎದ್ದು "ಆಜಿ, ಬಸಾ" ಅಂದಳು. ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ಕೂತದ್ದು ತಪ್ಪಾಯಿತಾ?*
— ಕಲ್ಯಾಣದ ಓದುಗಿ, 61

ಕೂತದ್ದೇ ಸರಿ. ನನಗೆ ಮೊದಲ ಸಲ ಘಾಟ್ಕೋಪರಿನಲ್ಲಿ ಒಬ್ಬಳು ಎದ್ದುಕೊಟ್ಟಾಗ ನನಗೆ 57. "ನಕೋ, ನಕೋ" ಅಂತ ಬಿಗುಮಾನದಲ್ಲಿ ನಿಂತೆ. ಆ ಸೀಟಿಗೆ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳೊಬ್ಬಳು ಕೂತು ಡೊಂಬಿವಲಿಯವರೆಗೆ ನಿದ್ದೆ ಹೊಡೆದಳು, ನಾನು ಅವಳ ಮಂಡೆ ನೋಡುತ್ತಾ ನಿಂತಿದ್ದೆ. ಈಗ ಯಾರೂ ಏಳದಿದ್ದರೆ ಕಂಬ ಹಿಡಿದು, ಮಂಡಿಯ ಮೇಲೆ ಕೈಯಿಟ್ಟು, ಸ್ವಲ್ಪ ಗಟ್ಟಿಯಾಗಿ "ಅಯ್ಯಮ್ಮಾ" ಅನ್ನುತ್ತೇನೆ. ಕನ್ನಡ ಬಾರದವರಿಗೂ ಅದು ಚೆನ್ನಾಗಿ ತಿಳಿಯುತ್ತದೆ.