ರೇಟಿನ ಲಕೋಟೆ ಕೊನೆಗೆ ತೆಗೆಯಿರಿ

ಪ್ರಶ್ನೆ: ಪುಣೆಯಲ್ಲಿ ಸೇನೆಯ ಖರೀದಿ ವಿಭಾಗವೊಂದರಲ್ಲಿದ್ದೇನೆ. ಹೊಸದಾಗಿ ಬಂದ ನಾಲ್ವರಿಗೆ ಟೆಂಡರ್ ಪರಿಶೀಲನೆ ಕಲಿಸಬೇಕು. ಕೈಪಿಡಿ ಓದಿಸಿದೆ. ಆದರೂ ಎಲ್ಲರ ಕಣ್ಣು ಮೊದಲು ಹೋಗೋದು ರೇಟಿನ ಮೇಲೇ. ಏನು ಮಾಡಲಿ?

ಉತ್ತರ: ಓದಿಸಿದ್ದು ಯಾವ ಕೈಪಿಡಿ? ರೆವೆನ್ಯೂ ಖರೀದಿಗೆ, ಅಂದರೆ ದಿನಬಳಕೆ ಸಾಮಾನು, ಬಿಡಿಭಾಗ, ರಿಪೇರಿಯಂಥ ಖರ್ಚಿಗೆ, 2009ರ ಡಿಪಿಎಂ (ರಕ್ಷಣಾ ಖರೀದಿ ಕೈಪಿಡಿ) ಈಗ ನಡೆಯಲ್ಲ. 2025ರ ನವೆಂಬರ್ 1ರಿಂದ ಹೊಸದು ಜಾರಿಗೆ ಬಂದಿದೆ. ಹಳೇ ಜೆರಾಕ್ಸ್ ಇದ್ದರೆ ಕಪಾಟಿನಿಂದ ತೆಗೆಸಿಬಿಡಿ.

ಆದರೆ ಬರೀ ಕೈಪಿಡಿ ಓದಿ ಬಿಡ್ (ಟೆಂಡರಿಗೆ ಕಂಪನಿ ಸಲ್ಲಿಸೋ ಕಾಗದಪತ್ರ) ನೋಡೋದು ಕಲಿತವರನ್ನು ನಾನು ಕಂಡಿಲ್ಲ. ಪುಣೆಯ ಖಡ್ಕಿಯಲ್ಲಿ ಇದೇ ಕೆಲಸ ಮಾಡಿ ನಿವೃತ್ತನಾದವನು ನಾನು. ಮುಗಿದುಹೋದ ಒಂದು ಟೆಂಡರ್ ಫೈಲ್ ತೆಗೆಯಿರಿ. ಕಂಪನಿ ಹೆಸರು, ರೇಟು ಎರಡನ್ನೂ ಮುಚ್ಚಿ ಪ್ರತಿ ಮಾಡಿಸಿ. ಟೆಕ್ನಿಕಲ್ ವಿವರ ಬೇರೆ, ರೇಟು ಬೇರೆ ಕೊಡೋ ಎರಡು ಬಿಡ್ ಪದ್ಧತಿ ಇರೋದೇ ಇದಕ್ಕೆ ಅಲ್ವಾ? ಟೆಕ್ನಿಕಲ್ ಬಿಡ್‌ನಲ್ಲಿ ಪಾಸಾಗದವರ ರೇಟು ತೆರೆಯೋ ಹಾಗೇ ಇಲ್ಲ.

ಟಾರ್ಪಾಲಿನ್ ಟೆಂಡರ್ ಅಂದುಕೊಳ್ಳಿ. ಬಟ್ಟೆ ಚದರ ಮೀಟರಿಗೆ ಎಷ್ಟು ಗ್ರಾಂ ತೂಗಬೇಕು, ನೀರು ತಡೆಯೋ ಪರೀಕ್ಷೆ ಎಲ್ಲಿ ಆಗಿರಬೇಕು ಅಂತ ಆರ್‌ಎಫ್‌ಪಿ (ನಮಗೇನು ಬೇಕು ಅಂತ ಕಂಪನಿಗಳಿಗೆ ಕೊಡೋ ಟೆಂಡರ್ ಪತ್ರ) ಕೇಳಿರುತ್ತದೆ. ಬಿಡ್ಡಿನಲ್ಲಿ ಪ್ರತಿ ಸಾಲಿನ ಮುಂದೂ ‘ಕಂಪ್ಲೈಡ್’, ಅಂದರೆ ಕೇಳಿದ ಹಾಗೇ ಇದೆ ಅಂತಿರುತ್ತದೆ. ಹೊಸಬರು ಸುಮ್ನೆ ಟಿಕ್ ಹಾಕುತ್ತಾರೆ. ಅಲ್ಲೇ ತಡೆಯಿರಿ. ಪುರಾವೆ ಯಾವ ಪುಟದಲ್ಲಿದೆ ಅಂತ ಬರೆಸಿ. ಪುಟ ತಿರುಗಿಸಿದರೆ ಸರ್ಟಿಫಿಕೇಟ್ ಬೇರೆ ಬಟ್ಟೆಯದ್ದಿರಬಹುದು, ತೂಕದ ಸಾಲೇ ಇಲ್ಲದಿರಬಹುದು. ಆ ಟಿಕ್ ನಂಬಿಕೊಂಡು ಮಳೆಯಲ್ಲಿ ಮಲಗೋನು ಜವಾನ. ನನಗೆ ಈ ಪುಟಸಂಖ್ಯೆ ಮೇಲೆ ಇಷ್ಟು ಹಟ ಯಾಕೆ ಅಂದರೆ ಅದಕ್ಕೇ.

ನಾಲ್ವರೂ ಬೇರೆ ಬೇರೆ ಕೂತು ಬರೆಯಲಿ. ಒಟ್ಟಿಗೆ ಕೂರಿಸಿದರೆ ಹಿರಿಯರು ಹೇಳಿದ್ದಕ್ಕೆ ಉಳಿದವರು ಹೂಂ ಅಂತಾರೆ. ಆಮೇಲೆ ಹಾಳೆಗಳನ್ನು ಎದುರುಬದುರು ಇಡಿ. ಎಲ್ಲಿ ಮಾತು ಬೇರೆಯಾಯಿತೋ ಅಲ್ಲಿ ಜಾಸ್ತಿ ಹೊತ್ತು ನಿಲ್ಲಿ. ‘ಇವರ ಹೊಲಿಗೆ ಡಬಲ್ ಇದೆ ಸರ್, ಇವರೇ ವಾಸಿ’ ಅಂತ ಯಾರಾದರೂ ಅಂದೇ ಅಂತಾರೆ. ಆರ್‌ಎಫ್‌ಪಿ ಡಬಲ್ ಹೊಲಿಗೆ ಕೇಳಿಲ್ಲ ಅಂದರೆ ಅದನ್ನು ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. ಕೇಳಿದ್ದರೆ ಉಳಿದವರೂ ಕೊಡುತ್ತಿದ್ದರು.

ರೇಟಿನ ಪಾಠ ಆಮೇಲೆ. ತೆರಿಗೆ, ಸಾಗಣೆ ಎಲ್ಲ ಆರ್‌ಎಫ್‌ಪಿ ಹೇಳಿದ ಹಾಗೆ ಒಂದೇ ಲೆಕ್ಕಕ್ಕೆ ತಂದ ಮೇಲೇ ಎಲ್-ಒನ್, ಅಂದರೆ ಎಲ್ಲರಿಗಿಂತ ಕಮ್ಮಿ ರೇಟಿನವರು, ಯಾರು ಅಂತ ಗೊತ್ತಾಗೋದು. ಎಲ್-ಒನ್ ರೇಟು ಅಂದಾಜಿಗಿಂತ ತೀರಾ ಕಮ್ಮಿ ಇದ್ದರೆ ಖುಷಿಪಡೋದು ಬೇಡ, ಬಿಡಿಬಿಡಿಯಾಗಿ ಲೆಕ್ಕ ಕೇಳೋದನ್ನು ಕಲಿಸಿ. ಈ ಭಾಗಕ್ಕೆ ನಿಮ್ಮ ಫೈನಾನ್ಸ್ ಕಡೆಯವರೊಬ್ಬರನ್ನು ಕರೆಯಿರಿ.

ಕೊನೆಗೆ, ತಿರಸ್ಕರಿಸಿದ ಪ್ರತಿ ಬಿಡ್ಡಿಗೂ ಎರಡು ಸಾಲಿನ ಕಾರಣ ಬರೆಸಿ. ಆ ಹಾಳೆಯನ್ನು ಸೋತ ಕಂಪನಿಯವರ ಕೈಗೇ ಕೊಡಬೇಕು ಅನ್ನೋ ಹಾಗೆ ಬರೆಯಲಿ.