ನಾಟಕ ಚೆನ್ನಾಗಿತ್ತಂತೆ, ನನಗೆ ಮಾತೇ ಕೇಳಿಸಲಿಲ್ಲ

ರಂಗಮಂದಿರಕ್ಕೆ ಹೋಗಿ ಬೇಸರ ಮಾಡಿಕೊಂಡು ಬಂದವರ ಪತ್ರಗಳು ಈ ಸಲ ಜಾಸ್ತಿ ಇವೆ. ನಾಟಕವೇ ಕೆಟ್ಟದಾಗಿತ್ತು ಅಂದವರು ಕಡಿಮೆ. ಸರಿಯಾಗಿ ಕಾಣಿಸಲಿಲ್ಲ, ಕೇಳಿಸಲಿಲ್ಲ, ಅಕ್ಕಪಕ್ಕದವರು ನೋಡೋಕೆ ಬಿಡಲಿಲ್ಲ ಅನ್ನುವವರೇ ಹೆಚ್ಚು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ.

ಪ್ರಶ್ನೆ: ಬಾಲ್ಕನಿ ಕೆಳಗಿನ ಕೊನೆಯ ಸಾಲಿನಲ್ಲಿ ಸೀಟು ಸಿಕ್ಕಿತ್ತು. ನಟರು ಕೂಗಿ ಕೂಗಿ ಮಾತಾಡುತ್ತಿದ್ದರು, ಆದರೂ ಅರ್ಧ ಮಾತು ತಿಳಿಯಲಿಲ್ಲ. ಎಲ್ಲರೂ ನಕ್ಕಾಗ ಪಕ್ಕದವರನ್ನು ‘ಏನಂದ್ರು?’ ಅಂತ ಕೇಳಬೇಕಾಯಿತು. ಮನೆಯವರು ಕಿವಿ ತೋರಿಸಿಕೊಂಡು ಬಾ ಅನ್ನುತ್ತಿದ್ದಾರೆ. ತಪ್ಪು ನನ್ನ ಕಿವಿಯದಾ?

ಉತ್ತರ: ಮನೆಯಲ್ಲಿ ಮಾತಾಡುವಾಗ, ಫೋನಿನಲ್ಲಿ ಕೂಡ ಹೀಗೇ ಆಗುತ್ತಿದ್ದರೆ ಖಂಡಿತ ತೋರಿಸಿಕೊಳ್ಳಿ. ಅಲ್ಲೆಲ್ಲ ಸರಿಯಾಗಿದ್ದು ಆ ಹಾಲಿನಲ್ಲಿ ಮಾತ್ರ ಹೀಗಾಗಿದ್ದರೆ, ನನಗೆ ಅನುಮಾನ ಬರೋದು ನೀವು ಕೂತ ಜಾಗದ ಮೇಲೆ.

ನಟರ ಮಾತು ನಮ್ಮ ಹತ್ತಿರ ಎರಡು ದಾರಿಯಲ್ಲಿ ಬರುತ್ತದೆ. ಒಂದು ನೇರವಾಗಿ, ಇನ್ನೊಂದು ಗೋಡೆಗೂ ಚಾವಣಿಗೂ ಬಡಿದು, ಸುತ್ತಿಕೊಂಡು. ಸುತ್ತಿ ಬಂದ ಸದ್ದು ನೇರ ಬಂದದ್ದರ ಬೆನ್ನಿಗೇ ಬಂದರೆ, ಅಂದರೆ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗದೊಳಗೆ ಬಂದರೆ, ಕಿವಿ ಎರಡನ್ನೂ ಕೂಡಿಸಿಕೊಂಡು ಒಂದೇ ಮಾತಾಗಿ ಕೇಳುತ್ತದೆ, ಮಾತಿಗೆ ಬಲ ಬರುತ್ತದೆ. ತುಂಬಾ ತಡವಾದರೆ ಹಿಂದಿನ ಅಕ್ಷರ ಮುಂದಿನ ಅಕ್ಷರದ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹಾಗಾಗಿ ನೇರ ದಾರಿಗಿಂತ 17 ಮೀಟರ್ ಹೆಚ್ಚು ಸುತ್ತು ಹಾಕಿ ಬಂದರೆ ಅಲ್ಲಿಂದಾಚೆ ತೊಂದರೆ ಶುರು. ಬಾಲ್ಕನಿ ತುಂಬಾ ಮುಂದಕ್ಕೆ ಚಾಚಿದ್ದರೆ ಅದರ ಕೆಳಗೆ ಕೂತವರಿಗೆ ಚಾವಣಿಯಿಂದ ಬರುವ ಸಹಾಯವೂ ತಪ್ಪಿಹೋಗುತ್ತದೆ. ದೂರ ಬೇರೆ. ಎರಡೂ ಕಡೆಯಿಂದ ನಷ್ಟ.

ಕೂಗಿದ್ದರಿಂದ ನಿಮಗೆ ಅಷ್ಟೇನೂ ಉಪಕಾರ ಆಗಿರಲಾರದು. ಕೂಗಿದಾಗ ಆ, ಈ, ಓ ಜೋರಾಗುತ್ತವೆ. ಸ, ತ, ಕ, ಪ ಅಷ್ಟು ಜೋರಾಗೋದಿಲ್ಲ. ಮಾತು ಬಿಡಿಬಿಡಿಯಾಗಿ ತಿಳಿಯೋದು ಹೆಚ್ಚಾಗಿ ಇವುಗಳಿಂದಲೇ. ಜೊತೆಗೆ ಖಾಲಿ ಹಾಲಿನಲ್ಲಿ ರಿಹರ್ಸಲ್ ಮಾಡಿದಾಗ ಕೇಳಿಸಿದ್ದೇ ಬೇರೆ, ಜನ ತುಂಬಿದ ಮೇಲೆ ಕೇಳಿಸೋದೇ ಬೇರೆ, ಯಾಕೆಂದರೆ ಬಟ್ಟೆ ತೊಟ್ಟು ಕೂತ ಜನ ಸದ್ದನ್ನು ಚೆನ್ನಾಗಿ ಹೀರಿಕೊಳ್ಳುತ್ತಾರೆ.

ಇದು ಹೊಸ ಸಂಕಟವಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಹೊಸ ಉಪನ್ಯಾಸ ಹಾಲ್ ಕಟ್ಟಿಸಿ, ಒಳಗೆ ಮಾತೇ ತಿಳಿಯೋದಿಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ವಾಲೇಸ್ ಸೇಬಿನ್ ಅನ್ನುವ ಯುವ ಅಧ್ಯಾಪಕರಿಗೆ ಅದನ್ನು ಸರಿಮಾಡುವ ಕೆಲಸ ಬಿತ್ತು. ಅವರು ಹತ್ತಿರದ ಸ್ಯಾಂಡರ್ಸ್ ಥಿಯೇಟರ್‌ನಿಂದ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಸ್ವಲ್ಪ ಸ್ವಲ್ಪವೇ ಹರಡುತ್ತಾ, ಸದ್ದು ಅಡಗೋಕೆ ಎಷ್ಟು ಹೊತ್ತು ಬೇಕು ಅಂತ ಅಳೆದರು. ಮೆತ್ತೆ ಇಲ್ಲದಾಗ ಅದು ಐದು ಸೆಕೆಂಡ್ ದಾಟುತ್ತಿತ್ತು! ನಾಟಕದ ಮಾತಿಗೆ ಒಂದು ಸೆಕೆಂಡ್ ಆಸುಪಾಸು ಇದ್ದರೆ ಹಿತ. ದೊಡ್ಡ ವಾದ್ಯಮೇಳಕ್ಕೆ ಎರಡರ ಹತ್ತಿರ ಬೇಕು. ಹೀಗಾಗಿ ಸಂಗೀತಕ್ಕೆ ಅಂತ ಕಟ್ಟಿದ ಹಾಲಿನಲ್ಲಿ ನಾಟಕ ಆಡಿಸಿದರೆ ಎಷ್ಟು ಒಳ್ಳೆಯ ನಟರಿದ್ದರೂ ಮಾತು ಒದ್ದಾಡುತ್ತದೆ. ಸಂಗೀತದವರಿಗಾದರೂ ಸುಲಭವಾ ಅಂದರೆ ಅದೂ ಇಲ್ಲ. ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ 1962ರಲ್ಲಿ ತೆರೆದ ಫಿಲ್‌ಹಾರ್ಮಾನಿಕ್ ಹಾಲ್ ಬಗ್ಗೆ ಶುರುವಿನಿಂದಲೇ ದೂರು ಬಂತು, 1976ರಲ್ಲಿ ಒಳಗಿನದ್ದನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಿದರು, ಆಗಲೂ ಸಮಾಧಾನ ಆಗದೆ 2022ರಲ್ಲಿ ಮತ್ತೊಮ್ಮೆ ಬದಲಿಸಿ ತೆರೆದರು. ಅವರ ಕಥೆಯೇ ಹೀಗಿರುವಾಗ, ಕೇಳಿಸಲಿಲ್ಲ ಅಂತ ಹೇಳೋಕೆ ನೀವು ಯಾಕೆ ಸಂಕೋಚ ಪಡಬೇಕು?

ಮುಂದಿನ ಸಲ ಮನೆಗೆ ಬಂದು ಬೇಜಾರು ಮಾಡಿಕೊಳ್ಳೋದಕ್ಕಿಂತ ಅಲ್ಲೇ ಹೇಳಿ. ವಿರಾಮದಲ್ಲಿ ಹಾಲ್ ಮ್ಯಾನೇಜರನ್ನೋ ಸೌಂಡ್ ನೋಡಿಕೊಳ್ಳುವವರನ್ನೋ ಹುಡುಕಿ, ಸಾಲಿನ ನಂಬರ್ ಸಮೇತ ‘ಇಲ್ಲಿ ಮಾತು ತಿಳೀತಿಲ್ಲ’ ಅನ್ನಿ. ಸೌಂಡ್‌ನವರು ಕೂತಿರೋ ಕಡೆ ಚೆನ್ನಾಗಿಯೇ ಕೇಳಿಸುತ್ತಿರಬಹುದು, ಯಾರೂ ಹೇಳದಿದ್ದರೆ ಅವರಿಗೆ ಗೊತ್ತಾಗೋದಾದರೂ ಹೇಗೆ? ಮುಂದೆ ಖಾಲಿ ಸೀಟಿದ್ದರೆ ಕೇಳಿ ಕೂತುಕೊಳ್ಳಿ. ಕಿವಿಗೆ ಮೆಷಿನ್ ಹಾಕಿಕೊಳ್ಳುವ ಓದುಗರಿಗೆ ಒಂದು ಮಾತು: ಕೆಲವು ರಂಗಮಂದಿರಗಳಲ್ಲಿ ಲೂಪ್ ವ್ಯವಸ್ಥೆ ಇರುತ್ತದೆ. ಮೆಷಿನ್‌ನಲ್ಲಿ ‘ಟಿ’ ಸೆಟ್ಟಿಂಗ್ ಇದ್ದರೆ ಅದಕ್ಕೆ ಹಾಕಿಕೊಂಡಾಗ ಮೈಕಿನ ಮಾತು ಸೀದಾ ಕಿವಿಗೆ ಬರುತ್ತದೆ. ಟಿಕೆಟ್ ತೆಗೆದುಕೊಳ್ಳುವಾಗಲೇ ಇದೆಯಾ ಅಂತ ವಿಚಾರಿಸಿ.

ಪ್ರಶ್ನೆ: ಮುಂದಿನ ಸಾಲಿನವರು ನಾಟಕ ಪೂರ್ತಿ ಫೋನ್ ನೋಡುತ್ತಲೇ ಇದ್ದರು. ಕೇಳಿದ್ದಕ್ಕೆ ‘ಸೈಲೆಂಟ್‌ನಲ್ಲಿದೆಯಲ್ಲ, ನಿಮಗೇನು ತೊಂದರೆ?’ ಅಂದರು. ಕೊನೆಗೆ ನಾನೇ ಜಗಳಗಂಟಿ ಅನ್ನಿಸಿಕೊಂಡೆ. ಇಂಥವರಿಗೆ ಏನು ಹೇಳೋದು?

ಉತ್ತರ: ನೀವು ಕೇಳಿದ್ದು ಸರಿ. ತೊಂದರೆ ಸದ್ದಿನದ್ದು ಮಾತ್ರ ಅಲ್ವಲ್ಲ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಚಿಕ್ಕ ಸ್ಕ್ರೀನ್ ಕೂಡ ಚುಚ್ಚುತ್ತದೆ, ಬೇಡ ಅಂದರೂ ನೋಟ ಅತ್ತಲೇ ಹೋಗುತ್ತದೆ. ರಂಗದ ಮೇಲೆ ಒಬ್ಬಳು ಮಂದ ಬೆಳಕಿನಲ್ಲಿ ಸುಮ್ಮನೆ ನಿಂತಿದ್ದಾಳೆ ಅಂದುಕೊಳ್ಳಿ. ಆಕೆ ಮುಖದ ಮೇಲೆ ಏನು ಓಡುತ್ತಿದೆ ಅಂತ ಹುಡುಕುತ್ತಿರುವಾಗಲೇ ನಮ್ಮ ಮೂಗಿನ ಮುಂದೆ ನೀಲಿ ಬೆಳಕು ಬಿದ್ದರೆ, ಆ ಗಳಿಗೆ ಹೋಯಿತು. ಸಿನಿಮಾ ಆದರೆ ಇನ್ನೊಮ್ಮೆ ನೋಡಬಹುದು. ನಾಟಕದ ಆ ಗಳಿಗೆ ವಾಪಸ್ ಬರೋದಿಲ್ಲ.

ಒಂದು ಕಾಲದಲ್ಲಿ ಯುರೋಪಿನ ರಂಗಮಂದಿರಗಳಲ್ಲಿ ಪ್ರೇಕ್ಷಕರ ಕಡೆಯೂ ದೀಪ ಉರಿಯುತ್ತಿತ್ತು, ಜನ ರಂಗಕ್ಕಿಂತ ಒಬ್ಬರನ್ನೊಬ್ಬರು ನೋಡೋದೇ ಜಾಸ್ತಿ ಇತ್ತು. 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ಒಪೆರಾ ಸಂಗೀತಗಾರ ವಾಗ್ನರ್ ಕಟ್ಟಿಸಿದ ರಂಗಮಂದಿರದಲ್ಲಿ ಪ್ರೇಕ್ಷಕರು ಕತ್ತಲಲ್ಲಿ ಕೂತರು. ಆ ಕತ್ತಲು ಈಗ ಎಲ್ಲ ಕಡೆ ರೂಢಿಯಾಗಿದೆ, ಫೋನ್ ಕೆಡಿಸುತ್ತಿರೋದು ಅದನ್ನೇ. ನಟರಿಗೂ ಇದು ಕಾಣುತ್ತದೆ. 2015ರಲ್ಲಿ ನ್ಯೂಯಾರ್ಕಿನಲ್ಲಿ ನಟಿ ಪ್ಯಾಟಿ ಲುಪೋನ್ ಆಟದ ನಡುವೆಯೇ ಮೆಸೇಜ್ ಮಾಡುತ್ತಿದ್ದ ಪ್ರೇಕ್ಷಕಿಯ ಕೈಯಿಂದ ಫೋನ್ ತೆಗೆದುಕೊಂಡು ಹೋದರು, ಆಟ ಮುಗಿದ ಮೇಲೆ ಅದನ್ನು ವಾಪಸ್ ಕೊಡಲಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಆಟ ಮುಗಿಸಿ ಹೊರಗೆ ಬಂದು, ದಯವಿಟ್ಟು ಆಟ ನಡೆಯುವಾಗ ಫೋನಿನಲ್ಲಿ ಚಿತ್ರೀಕರಣ ಮಾಡಬೇಡಿ ಅಂತ ಅಭಿಮಾನಿಗಳನ್ನು ಕೇಳಿಕೊಂಡರು.

ನೀವು ಒಮ್ಮೆ ಮೆಲ್ಲಗೆ ಹೇಳಿ, ‘ಬೆಳಕು ಕಣ್ಣಿಗೆ ಹೊಡೀತಿದೆ’ ಅಂತ. ಕೇಳದಿದ್ದರೆ ವಾದಕ್ಕೆ ಇಳಿಯಬೇಡಿ, ನಿಮ್ಮ ನಾಟಕವೂ ಹಾಳು, ಸುತ್ತ ಇರುವ ಹತ್ತು ಜನರದ್ದೂ ಹಾಳು. ಸೀಟು ತೋರಿಸುವವರನ್ನು ಕರೆಯಿರಿ. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರೋದು ನಡೆಸುವವರ ಮೇಲೆ. ಶುರುವಿನಲ್ಲಿ ಮೈಕಿನಲ್ಲಿ ‘ಮೊಬೈಲ್ ಆಫ್ ಮಾಡಿ’ ಅಂದುಬಿಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ, ಆಮೇಲೆ ಒಳಗೆ ಒಬ್ಬರೂ ಇರೋದಿಲ್ಲ. ಜಗಳ ಕಾಯುವ ಕೆಲಸ ದುಡ್ಡು ಕೊಟ್ಟು ಬಂದ ಪ್ರೇಕ್ಷಕರ ತಲೆಗೆ ಬೀಳುತ್ತದೆ.

ಪ್ರಶ್ನೆ: ಆನ್‌ಲೈನ್ ನಕ್ಷೆಯಲ್ಲಿ ಸೀಟು ಚೆನ್ನಾಗಿ ಕಂಡಿತ್ತು. ಹೋಗಿ ಕೂತರೆ ರಂಗದ ಎಡಭಾಗ ಕಾಣೋದೇ ಇಲ್ಲ. ಮುಖ್ಯ ದೃಶ್ಯವೆಲ್ಲ ಅಲ್ಲೇ ನಡೆಯಿತು!

ಉತ್ತರ: ನಕ್ಷೆ ಕಟ್ಟಡದ್ದು, ಆ ನಾಟಕದ್ದಲ್ಲ. ಸೆಟ್ ಹಾಕುವವರು ಬದಿಯ ಸೀಟುಗಳಲ್ಲಿ ಒಮ್ಮೆ ಕೂತು ನೋಡಿದರೆ ಇದು ಗೊತ್ತಾಗಿಬಿಡುತ್ತದೆ, ಆದರೆ ಎಷ್ಟೋ ಸಲ ಎಲ್ಲ ತೀರ್ಮಾನವೂ ನಡು ಸಾಲಿನಲ್ಲಿ ನಿಂತೇ ಆಗುತ್ತದೆ. ನೆಲ ಮಟ್ಟಸವಾಗಿದ್ದರೆ ಇನ್ನೂ ಕಷ್ಟ. ಕಣ್ಣಿಗೂ ನೆತ್ತಿಗೂ ಹತ್ತು ಹನ್ನೆರಡು ಸೆಂಟಿಮೀಟರ್ ಅಂತರ ಇರುತ್ತದೆ, ಹಿಂದಿನವರ ನೋಟ ಮುಂದಿನವರ ತಲೆ ದಾಟಬೇಕಾದರೆ ಅಷ್ಟಾದರೂ ಎತ್ತರ ಸಿಗಬೇಕು. ಲಂಡನ್ನಿನ ಹಳೆಯ ಥಿಯೇಟರುಗಳಲ್ಲಿ ಇಂಥ ಸೀಟಿಗೆ ‘ಪೂರ್ತಿ ಕಾಣಿಸೋದಿಲ್ಲ’ ಅಂತ ಮೊದಲೇ ಹೇಳಿ ಕಡಿಮೆ ಬೆಲೆಗೆ ಮಾರುತ್ತಾರೆ. ಅದು ನ್ಯಾಯ. ಹೇಳದೆ ಪೂರ್ತಿ ಬೆಲೆಗೆ ಮಾರಿದ್ದರೆ ನೀವು ಧೈರ್ಯವಾಗಿ ಕೇಳಿ. ಆಟ ಶುರುವಾಗುವ ಮುಂಚೆ ಸೀಟಿನಿಂದ ಒಂದು ಫೋಟೊ ತೆಗೆದುಕೊಂಡು ಕೌಂಟರ್‌ಗೆ ಹೋಗಿ, ಮೊದಲು ಬೇರೆ ಸೀಟು ಕೇಳಿ, ಅದಾಗದಿದ್ದರೆ ಹಣ. ಪೂರ್ತಿ ನೋಡಿ ಮುಗಿಸಿ ಮಾರನೇ ದಿನ ಮೇಲ್ ಮಾಡಿದರೆ ಉತ್ತರ ಬರೋದು ಕಷ್ಟ.

ಪ್ರಶ್ನೆ: ವಿರಾಮದಲ್ಲಿ ಹೆಂಗಸರ ಶೌಚಾಲಯದ ಮುಂದೆ ಉದ್ದ ಸಾಲು. ಒಳಗೆ ಹೋಗಿ ಬರುವಷ್ಟರಲ್ಲಿ ಎರಡನೇ ಅಂಕ ಶುರುವಾಗಿತ್ತು, ಬಾಗಿಲಲ್ಲೇ ತಡೆದರು. ಇದು ದೂರು ಕೊಡುವ ವಿಷಯವಾ?

ಉತ್ತರ: ಖಂಡಿತ. ಇಬ್ಬರಿಗೂ ಸಮಾನ ಜಾಗ ಕೊಟ್ಟಿದ್ದೇವೆ ಅನ್ನೋದು ಕೇಳೋಕೆ ಚೆಂದ, ಆದರೆ ಅಷ್ಟೇ ಜಾಗದಲ್ಲಿ ಗಂಡಸರ ಕಡೆ ಹೆಚ್ಚು ಜನಕ್ಕೆ ಅನುಕೂಲ ಆಗುತ್ತದೆ, ಹೆಂಗಸರಿಗೆ ಹೊತ್ತೂ ಜಾಸ್ತಿ ಬೇಕು. ನ್ಯೂಯಾರ್ಕ್ ನಗರ 2005ರಲ್ಲಿ ಕಾನೂನು ಮಾಡಿ, ಹೊಸ ರಂಗಮಂದಿರಗಳಂಥ ಕಡೆ ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಎರಡು ಇರಬೇಕು ಅಂದಿತು. ಕಟ್ಟಡ ಬದಲಾಗುವ ತನಕ ವಿರಾಮವನ್ನು ಐದು ನಿಮಿಷ ಹಿಗ್ಗಿಸೋಕೆ ಏನು ಕಷ್ಟ? ಹೊರಗೆ ಸಾಲು ಇದೆ ಅಂತ ಒಬ್ಬರು ಒಳಗೆ ತಿಳಿಸಿದರೆ ಸಾಕು. ನಿಮ್ಮ ದೂರಿನಲ್ಲಿ ಇದನ್ನೇ ಬರೆಯಿರಿ.

ಪ್ರಶ್ನೆ: ಪೋಸ್ಟರ್‌ನಲ್ಲಿದ್ದ ನಟನಿಗೆ ಬದಲು ಬೇರೆಯವರು ಪಾತ್ರ ಮಾಡಿದರು. ಹಣ ವಾಪಸ್ ಕೇಳಬಹುದಾ?

ಉತ್ತರ: ಟಿಕೆಟ್ ಮೇಲಿನ ನಿಯಮ ಓದಿ. ಸಾಮಾನ್ಯವಾಗಿ ಟಿಕೆಟ್ ಇರೋದು ನಾಟಕಕ್ಕೆ, ನಟರಿಗಲ್ಲ. ಒಬ್ಬರ ಹೆಸರನ್ನೇ ದೊಡ್ಡದಾಗಿ ಹಾಕಿ ಮಾರಿದ್ದರೆ ಮಾತ್ರ ಕೇಳಿ ನೋಡಿ, ಅದೂ ಒಳಗೆ ಹೋಗುವ ಮುಂಚೆ. ಆದರೆ ಬದಲಿ ನಟರು ಅಂದ ಕೂಡಲೇ ಮುಖ ಸಿಂಡರಿಸಬೇಡಿ. ಇಡೀ ಪಾತ್ರ ಕಲಿತು, ಕರೆ ಬರುತ್ತೋ ಇಲ್ಲವೋ ಗೊತ್ತಿಲ್ಲದೆ ಕಾದವರು ಅವರು. ಮೊದಲ ದೃಶ್ಯ ಮುಗಿಯುವ ತನಕವಾದರೂ ನೋಡಿ.