ಪ್ರೀತಿಸುವವರನ್ನು ಮನೋವಿಶ್ಲೇಷಣೆ ‘ಆಬ್ಜೆಕ್ಟ್’ ಅನ್ನುವುದೇಕೆ?

ಪ್ರೀತಿಸುವವರನ್ನೇ ಮನೋವಿಶ್ಲೇಷಣೆಯವರು ‘ಆಬ್ಜೆಕ್ಟ್’ ಅನ್ನುತ್ತಾರೆ, ಹಾಗಾದರೆ ಎಲ್ಲ ಪ್ರೀತಿಯೂ ಇನ್ನೊಬ್ಬರನ್ನು ವಸ್ತುವಾಗಿಸುವುದೇ ಎಂದು ಕೇಳಿದ್ದೀರಿ. ಈ ಗೊಂದಲಕ್ಕೆ ಅರ್ಧ ಕಾರಣ ಅನುವಾದ. ಅಲ್ಲಿಂದಲೇ ಶುರುಮಾಡುತ್ತೇನೆ.

ಅರಿವಿಗೆ ಬಾರದ ಬಯಕೆಗಳನ್ನು ಮಾತಿನ ಮೂಲಕ ಬಿಡಿಸಿ ನೋಡುವ ಮನೋವಿಶ್ಲೇಷಣೆಯನ್ನು ಕಟ್ಟಿದವರು ಫ್ರಾಯ್ಡ್. ಅವರು ಜರ್ಮನ್‌ನಲ್ಲಿ ಬಳಸಿದ ಪದ ‘ಒಬ್ಯೆಕ್ಟ್’. ಕುರ್ಚಿ, ಚೊಂಬು ಮುಂತಾದವಕ್ಕೆ ಆ ಭಾಷೆಯಲ್ಲಿ ‘ಡಿಂಗ್’ ಎಂಬ ಬೇರೆ ಪದವೇ ಇದೆ. ಕನ್ನಡದಲ್ಲಿ ಫ್ರಾಯ್ಡ್ ಪದಕ್ಕೆ ಹತ್ತಿರ ಬರುವುದು ಶಾಲೆಯಲ್ಲಿ ಕಲಿತ ‘ಕರ್ಮಪದ’. ‘ಅವನು ಅವಳನ್ನು ಹಂಬಲಿಸಿದ’ ಎಂಬ ವಾಕ್ಯದ ‘ಅವಳನ್ನು’ ಇದೆಯಲ್ಲ, ಅದು. ಹಂಬಲ ಯಾರ ಕಡೆ ಹರಿಯುತ್ತದೋ ಅವರೇ ಆಬ್ಜೆಕ್ಟ್. ಇದರಲ್ಲಿ ಕೀಳುಮಾಡುವ ಮಾತಿಲ್ಲ. ಆಬ್ಜೆಕ್ಟನ್ನು ಕಂಡುಕೊಳ್ಳುವುದೆಂದರೆ ನಿಜವಾಗಿ ಮರಳಿ ಕಂಡುಕೊಳ್ಳುವುದು ಎಂದು ಫ್ರಾಯ್ಡ್ 1905ರಲ್ಲಿ ಬರೆದರು. ಮೊದಲ ಭೇಟಿಯಲ್ಲೇ ‘ಎಷ್ಟೋ ವರ್ಷದ ಪರಿಚಯ’ ಅನ್ನಿಸುತ್ತದಲ್ಲ, ಆ ಪರಿಚಯದ ಬೇರು ನಮ್ಮನ್ನು ಮೊಟ್ಟಮೊದಲು ಎತ್ತಿ ಆಡಿಸಿದವರಲ್ಲಿದೆ.

ಕೆಡುವುದು ಎಲ್ಲಿ? 1912ರ ಒಂದು ಪ್ರಬಂಧದಲ್ಲಿ ಫ್ರಾಯ್ಡ್ ಎರಡು ಹರಿವುಗಳನ್ನು ಗುರುತಿಸುತ್ತಾರೆ: ಅಕ್ಕರೆ ಮತ್ತು ಕಾಮ. ಅಕ್ಕರೆ ಹಳೆಯದು, ತಾಯಿ, ಅಕ್ಕಂದಿರ ಸುತ್ತ ಬೆಳೆದದ್ದು. ಹರೆಯದಲ್ಲಿ ಕಾಮ ಬಲವಾಗಿ ಬಂದಾಗ ಆ ಹಳೆಯ ದಾರಿ ನಿಷಿದ್ಧ. ಎರಡೂ ಒಬ್ಬರಲ್ಲೇ ಕೂಡಿಕೊಳ್ಳದಿದ್ದರೆ, ಗೌರವಿಸುವವಳನ್ನು ಬಯಸಲಾಗುವುದಿಲ್ಲ, ಬಯಸಿದವಳನ್ನು ಗೌರವಿಸಲಾಗುವುದಿಲ್ಲ. ಫ್ರಾಯ್ಡ್ ಮುಖ್ಯವಾಗಿ ನೋಡಿದ್ದು ತನ್ನ ಕಾಲದ ಗಂಡಸರನ್ನು. ಆದರೆ ಹೆಂಡತಿಯನ್ನು ಮನೆಯ ದೇವತೆ ಎಂದು ಕೂರಿಸಿ, ಬಯಕೆಗೆ ‘ಅಂಥವಳು’ ಎಂದು ಕರೆಯಬಹುದಾದ ಇನ್ನೊಬ್ಬಳನ್ನು ಹುಡುಕುವವರನ್ನು ನಾವು ನೋಡಿಲ್ಲವೇ? ನನ್ನ ಪ್ರಕಾರ ದೇವತೆ ಮಾಡುವುದೂ ವಸ್ತುವಾಗಿಸುವುದೇ. ಇಬ್ಬರಲ್ಲಿ ಯಾರಿಗೂ ತಮ್ಮದೇ ಬಯಕೆ, ಬೇಸರ, ತಲೆನೋವು ಇರಲು ಜಾಗವಿಲ್ಲ.

ಫ್ರಾಯ್ಡ್ ನಂತರದ ಮನೋವಿಶ್ಲೇಷಕಿ ಮೆಲನಿ ಕ್ಲೈನ್ ಇನ್ನೂ ಹಿಂದಕ್ಕೆ, ಕೂಸಿನ ತನಕ ಹೋದರು. ಕೂಸಿಗೆ ಮೊದಲು ಇಡೀ ತಾಯಿ ಇಲ್ಲ. ಹಾಲು ಕೊಡುವ ‘ಒಳ್ಳೆಯ’ ಮೊಲೆ, ಸಿಗದ ‘ಕೆಟ್ಟ’ ಮೊಲೆ ಎಂಬ ತುಂಡುಗಳಿವೆ. ಎರಡೂ ಒಬ್ಬಳೇ ಎಂದು ತಿಳಿದಾಗ ‘ನಾನು ನೋಯಿಸಿದ್ದು ಇವಳನ್ನೇ’ ಎಂಬ ದುಃಖ ಬರುತ್ತದೆ, ಸರಿಪಡಿಸುವ ಆಸೆಯೂ ಬರುತ್ತದೆ. ದೊಡ್ಡವರೂ ಹಿಂದಕ್ಕೆ ಜಾರುತ್ತಾರೆ. ಮೆಸೇಜಿಗೆ ನೀಲಿ ಟಿಕ್ ಬಿದ್ದಿದೆ, ಸಂಜೆಯಾದರೂ ಉತ್ತರವಿಲ್ಲ. ನಿನ್ನೆ ‘ನೀನಿಲ್ಲದೆ ಆಗಲ್ಲ’ ಅಂದ ಮನಸ್ಸೇ ಈಗ ‘ಇವಳು ಮೊದಲಿಂದಲೂ ಮೋಸಗಾತಿ’ ಅನ್ನುತ್ತದೆ.

ನಿಮ್ಮ ಪ್ರಶ್ನೆಗೆ ಅತ್ಯಂತ ಹತ್ತಿರದ ಉತ್ತರ ಸಿಗುವುದು ವಿನಿಕಾಟ್‌ರಲ್ಲಿ. ಮನೋವಿಶ್ಲೇಷಕರೂ ಮಕ್ಕಳ ವೈದ್ಯರೂ ಆಗಿದ್ದ ಅವರು 1968ರಲ್ಲಿ ನ್ಯೂಯಾರ್ಕ್‌ನಲ್ಲಿ ಓದಿದ ಪ್ರಬಂಧದ ವಿಷಯ ‘ಆಬ್ಜೆಕ್ಟನ್ನು ಬಳಸುವುದು’. ನಮ್ಮಲ್ಲಿ ‘ಬಳಸಿಕೊಂಡ’ ಅಂದರೆ ಬೈಗುಳ. ಅವರಲ್ಲಿ ಅದು ಮೇಲಿನ ಮೆಟ್ಟಿಲು: ನನ್ನ ಕಲ್ಪನೆಯಿಂದಾಚೆ ನಿಜವಾಗಿ ಇರುವವರಿಂದ ಮಾತ್ರ ನನಗೇನಾದರೂ ಸಿಗಲು ಸಾಧ್ಯ.

ಹಲ್ಲು ಬರುತ್ತಿರುವ ಮಗು ಹಾಲು ಕುಡಿಯುತ್ತ ಕಚ್ಚುತ್ತದೆ ಎಂದುಕೊಳ್ಳಿ. ತಾಯಿ ‘ಸ್ಸ್’ ಎಂದು ಕಿರುಬೆರಳನ್ನು ಅದರ ಬಾಯಂಚಿಗೆ ತೂರಿಸಿ ಬಿಡಿಸಿಕೊಳ್ಳುತ್ತಾಳೆ. ಮಗು ಅವಳ ಮುಖವನ್ನೇ ನೋಡುತ್ತದೆ. ಅವಳಿಗೆ ನೋವಾಗಿದೆ, ಅದು ಮುಖದಲ್ಲೂ ಇದೆ. ಆದರೂ ಹೊಡೆಯಲಿಲ್ಲ, ದೂಡಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಮಡಿಲಿಗೆ ಎಳೆದುಕೊಂಡಳು. ಮಗುವಿನ ಕಡೆಯಿಂದ ಹೇಳುವುದಾದರೆ: ಮನಸ್ಸಿನಲ್ಲಿ ನಾನು ನಾಶಮಾಡಿ ಮುಗಿಸಿಬಿಟ್ಟವಳು ಇನ್ನೂ ಇದ್ದಾಳೆ, ಅಂದರೆ ಅವಳು ನನ್ನ ಮನಸ್ಸಿನೊಳಗಷ್ಟೇ ಇರುವವಳಲ್ಲ. ಹೀಗೆ ಸೇಡು ತೀರಿಸದೆ ಇರುವುದನ್ನೇ ವಿನಿಕಾಟ್ ‘ಉಳಿದುಕೊಳ್ಳುವುದು’ ಅನ್ನುತ್ತಾರೆ. ‘ಇನ್ನೊಬ್ಬರು’ ಎಂಬುದು ಹುಟ್ಟುವುದು ಆ ಗಳಿಗೆಯಲ್ಲಿ.

ದೊಡ್ಡವರ ಜಗಳದಲ್ಲಿ ಇದು ಎರಡು ರೀತಿ ಕೆಡುತ್ತದೆ. ಒಂದು, ಸೇಡು: ವಾರಗಟ್ಟಲೆ ಮಾತು ಬಿಡುವುದೂ ಇದರಲ್ಲೇ ಸೇರುತ್ತದೆ. ಇನ್ನೊಂದು ಕಣ್ಣಿಗೆ ಬೀಳುವುದಿಲ್ಲ: ಎಲ್ಲಕ್ಕೂ ‘ಹೂಂ, ನೀನು ಹೇಳಿದ ಹಾಗೇ’ ಎಂದು ಕರಗಿಹೋಗುವುದು. ಕರಗಿದವರು ಮತ್ತೆ ಎದುರಿನವರ ಕಲ್ಪನೆಯ ಗೊಂಬೆ. ಆದರೆ ಒಂದು ಮಾತು ಸ್ಪಷ್ಟವಾಗಿರಲಿ: ವಿನಿಕಾಟ್ ಹೇಳುವ ನಾಶ ಕಲ್ಪನೆಯದು. ನಿಜವಾಗಿ ಏಟು ಬೀಳುತ್ತಿದ್ದರೆ ಅದನ್ನು ಸಹಿಸುವುದಕ್ಕೆ ‘ಉಳಿದುಕೊಳ್ಳುವುದು’ ಎಂಬ ಹೆಸರು ಕೊಡಬೇಡಿ; ಮೊದಲು ಅಲ್ಲಿಂದ ಹೊರಬನ್ನಿ.

ಫ್ರೆಂಚ್ ಮನೋವಿಶ್ಲೇಷಕ ಲಕಾನ್‌ಗೆ ಇಷ್ಟು ಭರವಸೆಯಿಲ್ಲ. 1960–61ರ ತರಗತಿಗಳಲ್ಲಿ ಪ್ಲೇಟೋನ ಔತಣಕೂಟದ ಸಂವಾದವನ್ನು ಓದುತ್ತ, ನಾವು ಒಬ್ಬರನ್ನು ಬಯಸುವುದು ಅವರೊಳಗೆ ಅಡಗಿದೆ ಎಂದುಕೊಂಡ ಯಾವುದೋ ಒಡವೆಗಾಗಿ, ಅದು ಅವರಿಗೇ ಗೊತ್ತಿಲ್ಲ ಎಂದು ತೋರಿಸಿದರು. ಬಯಕೆಯ ಮಟ್ಟಿಗೆ ಇದನ್ನು ಒಪ್ಪುತ್ತೇನೆ. ಮಂಚದ ಮೇಲೆ ಸ್ವಲ್ಪ ಹೊತ್ತು ಕತ್ತು, ಭುಜ, ದನಿ ಮಾತ್ರವಾಗುವುದರಲ್ಲಿ ಕೇಡಿಲ್ಲ, ಬೆಳಿಗ್ಗೆ ಕಾಫಿ ಹೊತ್ತಿಗೆ ಇಡೀ ಮನುಷ್ಯರಾಗಿ ಮರಳಲು ಇಬ್ಬರಿಗೂ ಆಗುವುದಾದರೆ.

ನಿಮ್ಮ ಸಂಬಂಧದಲ್ಲಿ ಇದನ್ನು ನೋಡಿಕೊಳ್ಳಬೇಕೆಂದರೆ, ಅವರು ‘ಇವತ್ತು ಬೇಡ’ ಅಂದ ಗಳಿಗೆಯನ್ನು ಗಮನಿಸಿ. ಸಿಟ್ಟು ಬಂದರೆ ಬರಲಿ, ಅದು ಸಹಜ. ಸಿಟ್ಟು ಇಳಿದ ಮೇಲೆ ‘ಯಾಕಿರಬಹುದು, ಸುಸ್ತಾಗಿದೆಯೇ?’ ಎಂಬ ಕುತೂಹಲ ತಾನಾಗಿ ಬರುತ್ತದೆಯೇ, ಅಥವಾ ‘ನನಗೇ ಹೀಗೆ ಮಾಡಿದರು’ ಎಂಬಲ್ಲೇ ಮನಸ್ಸು ಗಿರಕಿ ಹೊಡೆಯುತ್ತದೆಯೇ? ಎರಡನೆಯದೇ ಪ್ರತಿಸಲ ಆಗುತ್ತಿದ್ದರೆ, ಚಿಕಿತ್ಸಕರ ಮುಂದೆ ಮೊದಲ ದಿನ ಇಡಬೇಕಾದ ವಿಷಯ ಅದೇ.